ಗುರ್ಯಾ ತಿನ್ನದೆ ಬಿಟ್ಟ ಶೇಂಗಾ ಉಂಡಿ

ಲೇ ಅಳಿಯಾ ಗುರ್ಯಾ,

ಚಿರಂಜೀವಿ ಎಂದು ಶುರು ಮಾಡಲು ಹೋದೆ, ಪೆನ್ನು ನಕ್ಕುಬಿಟ್ಟಿತು. ಇಪ್ಪತ್ತಾರಕ್ಕೇ ಗಂಟುಮೂಟೆ ಕಟ್ಟಿದವನನ್ನು ಹಾಗೆ ಕರೆಯಲು ನನಗಿಂತ ದೊಡ್ಡ ಸುಳ್ಳುಗಾರ ಬೇಕು. ನಿನ್ನ ಸೋದರಮಾವ ಮಾತ್ರ ಇನ್ನೂ ಗಟ್ಟಿಯಾಗಿದ್ದೇನೆ. ನ್ಯೂಯಾರ್ಕಿನ ಜ್ಯಾಕ್ಸನ್ ಹೈಟ್ಸ್‌ನ ಸೀರೆ ಅಂಗಡಿಯಲ್ಲಿ ಕೂತು, ಬಂದ ಹೆಂಗಸರಿಗೆಲ್ಲ ಹಳದಿ ನಿಮಗೆ ಒಪ್ಪುತ್ತದೆ ಎಂದು ಹೇಳಿ ಪಾಪ ಕಟ್ಟಿಕೊಳ್ಳುತ್ತಿದ್ದೇನೆ. ಮೊನ್ನೆ ಫ್ಲೋರಲ್ ಪಾರ್ಕಿನ ನಿಮ್ಮ ಮನೆಯಲ್ಲಿ ನಿನ್ನ ವರ್ಷದ ಎಡೆ ಇಟ್ಟೆವು. ಅಲ್ಲಿ ನಡೆದದ್ದನ್ನು ಕೇಳಿದರೆ, ಒಮ್ಮೆ ಉರಿದುಹೋದ ನಿನ್ನ ಹೊಟ್ಟೆ ಇನ್ನೊಮ್ಮೆ ಉರಿಯುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಲಂಡನ್ನಿನಿಂದ ಇಲ್ಲಿಗೆ ಬಂದಿಳಿದ ದಿನ ನೆನಪಿದೆಯೇನೋ? ಅಪ್ಪನನ್ನು ಕಳೆದುಕೊಂಡ ಹದಿನಾಲ್ಕರ ಹುಡುಗ. ಪಕ್ಕದಲ್ಲಿ ನನ್ನ ತಂಗಿ, ಅಂದರೆ ನಿನ್ನ ತಾಯಿ ಶಾಂತಾ. ಜೇಬಿನಲ್ಲಿ ದಮ್ಮಿನ ಇನ್‌ಹೇಲರು. ಬಾಯಲ್ಲಿ ಅರಮನೆಯ ಅಡುಗೆಭಟ್ಟನ ಇಂಗ್ಲಿಷು. ಸ್ಕೂಲಿನಲ್ಲಿ ಮಾರ್ಕಸ್ ಎಂಬ ಉದ್ದ ಕಾಲಿನ ಹುಡುಗ ದಿನಾ ನಿನ್ನನ್ನು ಗೋಡೆಗೆ ನಿಲ್ಲಿಸಿ, ‘ವಾಟರ್’ ಅನ್ನು, ಇನ್ನೊಂದು ಸಲ ಅನ್ನು, ಎಂದು ಹೇಳಿಸಿ ಎಲ್ಲರನ್ನೂ ನಗಿಸುತ್ತಿದ್ದ. ನೀನು ಮನೆಗೆ ಬಂದು ಅತ್ತೆ. ನಾನೂ ನಕ್ಕೆ, ಸುಳ್ಳೇಕೆ ಹೇಳಲಿ? ನಿನ್ನ ತಾಯಿ ಮಾತ್ರ ರೊಟ್ಟಿ ತಟ್ಟುವುದನ್ನು ನಿಲ್ಲಿಸದೆ ಅಂದಳು: “ಅಳಬ್ಯಾಡ, ಹೊಡೀಬ್ಯಾಡ. ಬೀಗರ ಹಾಡು ಹಾಡಿ ಬಿಡು.”

ಆ ಹಾಡನ್ನು ನೀನು ಮೊದಲು ಕೇಳಿದ್ದು ಓಲ್ಡ್ ಬ್ರಿಡ್ಜ್‌ನ ಮದುವೆಯಲ್ಲಿ. ಸ್ಕೂಲಿನ ಜಿಮ್ಮಿನಲ್ಲಿ ಬಾಸ್ಕೆಟ್‌ಬಾಲ್ ಬುಟ್ಟಿಯ ಕೆಳಗೆ ಗಂಡಿನ ಕಡೆಯವರು ಊಟಕ್ಕೆ ಕೂತಿದ್ದರು. ಹೆಣ್ಣಿನ ಕಡೆಯಿಂದ ಶಾಂತಾ ಸೆರಗು ಸಿಕ್ಕಿಸಿಕೊಂಡು ನಿಂತು, ಬೀಗರ ಹೊಟ್ಟೆ, ಬೀಗಿತಿಯ ಮೂಗು, ವರನ ನಡಿಗೆ, ಯಾವುದನ್ನೂ ಬಿಡದೆ ಪ್ರಾಸ ಕಟ್ಟಿ ಬೈದಳು. ಸುತ್ತ ಕೂತ ಮೈಸೂರಿನ ಇಂಜಿನಿಯರುಗಳು ಜಗಳ ಹತ್ತಿಕೊಂಡಿತು ಎಂದು ಎದ್ದುಬಿಟ್ಟಿದ್ದರು! ಆಗ ಅವಳೇ ಡಬ್ಬಿ ಬಿಚ್ಚಿ, ಬೈಸಿಕೊಂಡವರಿಗೆ ತನ್ನ ಕೈಯಾರೆ ಶೇಂಗಾ ಉಂಡಿ ತಿನ್ನಿಸಿದಳು. “ಸಿಟ್ಟಾದವ ಸೋತ,” ಎಂದು ನಿನಗೆ ವಿವರಿಸಿದಳು. “ಬೈದವರು ಉಂಡಿ ಹಿಡೀಬೇಕು, ಬೈಸಿಕೊಂಡವರು ಬಾಯಿ ತೆರೀಬೇಕು. ತೆರೀಲಿಲ್ಲಂದ್ರ ಬೀಗತನ ಅಲ್ಲಿಗೇ ಮುರೀತು.”

ಮಾರ್ಕಸನಿಗೆ ನೀನು ಹಾಡಿದ ದಿನ ಇಡೀ ಸ್ಕೂಲು ಅಂಗಳಕ್ಕೆ ಬಂದಿತ್ತಂತೆ. ಅದೇ ಅರಮನೆ ಇಂಗ್ಲಿಷು, ತಾಯಿಯದೇ ಏಟು. ಅವನ ಬೂಟು, ಬುದ್ಧಿ, ಗಣಿತದ ಮಾರ್ಕು, ಎಲ್ಲದಕ್ಕೂ ಪ್ರಾಸ. ಹುಡುಗರು ಬಿದ್ದು ಬಿದ್ದು ನಕ್ಕರು. ಮಾರ್ಕಸ್ ಮುಷ್ಟಿ ಕಟ್ಟಿದ. ನೀನು ಊಟದ ಡಬ್ಬಿಯಿಂದ ಉಂಡಿ ತೆಗೆದು ಅವನ ಬಾಯಿಗೆ ಹಿಡಿದೆ.

“ಏನಿದು?”

“ತಿನ್ನು. ಇದು ರೂಲ್.”

ತಿಂದ. ತಿಂದು, ಇನ್ನೊಂದಿದೆಯಾ ಎಂದ! ಮರುದಿನದಿಂದ ನಿನ್ನನ್ನು ಯಾರಾದರೂ ಮುಟ್ಟಿದರೆ ಅವನೇ ಅಡ್ಡ ನಿಲ್ಲುತ್ತಿದ್ದ.

ಆ ಬೈಗುಳದ ಪ್ರಾಸವೇ ಬೆಳೆದು ನಿನ್ನ ರ‍್ಯಾಪ್ ಹಾಡಾಯಿತು. ಆಮೇಲೆ ಬಂದನಲ್ಲ ನಿನ್ನ ಮ್ಯಾನೇಜರ್ ಲೂ, ಸಿಗಾರಿನ ಹೊಗೆಯಲ್ಲಿ ಅರ್ಧ ಮುಖ ಮಾತ್ರ ಕಾಣುತ್ತಿದ್ದ ಆಸಾಮಿ. ಅವನು ನನ್ನ ಅಂಗಡಿಯಲ್ಲೇ ನಿಂತು ಹೇಳಿದ್ದು ಇನ್ನೂ ಕಿವಿಯಲ್ಲಿದೆ: “ಇಂಡಿಯನ್ ಹುಡುಗ ರ‍್ಯಾಪ್ ಮಾಡಿದ್ರೆ ಯಾರೂ ಕೊಳ್ಳಲ್ಲ. ಇಂಗ್ಲಿಷ್ ದೊರೆ ರ‍್ಯಾಪ್ ಮಾಡಿದ್ರೆ ಕ್ಯೂ ನಿಲ್ತಾರೆ.” ಗುರುನಾಥ ಹೋಗಿ ಲಾರ್ಡ್ ಗೈ ಆದ. ತಲೆಗೆ ಕರಿ ಟೊಪ್ಪಿಗೆ, ಕೈಗೆ ಕೊಡೆ, ಹುಟ್ಟಿಗೆ ಲಂಡನ್ನಿನ ಒಂದು ಸುಳ್ಳು ಬಂಗಲೆ. ನಾನು ಆಗಲೇ ಅಂದಿರಲಿಲ್ಲವೇ? ರ‍್ಯಾಪರ್ ಮಿಠಾಯಿಗೂ ಇರುತ್ತದೆ ತಮ್ಮಾ, ಒಳಗಿನ ಮಿಠಾಯಿ ಬಿಸಾಡಿ ಬರೀ ಅದನ್ನು ಮಾರಬೇಡ ಎಂದು? ನೀನು ದೊರೆಯಾದೆ, ನಮಗೆ ಮಾತ್ರ ದೊರೆಯದೆ ಹೋದೆ. ಆದರೂ ನಿನ್ನ ಹಾಡಿಗೋಸ್ಕರ ನಾನು ರೇಡಿಯೋ ಸ್ಟೇಷನ್ನಿಗೆ ಫೋನ್ ಮಾಡಿ, ಮೂಗು ಹಿಡಿದುಕೊಂಡು, ‘ಅರಮನೆಯ ಕಾರ್ಯದರ್ಶಿ ಮಾತಾಡುತ್ತಿದ್ದೇನೆ, ರಾಣಿಯವರಿಗೆ ಆ ಹಾಡು ಬಹಳ ಇಷ್ಟ’ ಎಂದೆ. ಫೋನೆತ್ತಿದ ಪುಣ್ಯಾತ್ಮ ಅದನ್ನು ನಂಬಿ ಊರಿಗೆಲ್ಲ ಹೇಳಿಬಿಟ್ಟ. ವಾರಪೂರ್ತಿ ಹಾಕಿದ. ಕಾರು ಕಾರಿನಲ್ಲಿ ನಿನ್ನ ದನಿ.

ನ್ಯೂಯಾರ್ಕಿನ ದೊಡ್ಡ ಹಾಲಿನಲ್ಲಿ ನಿನ್ನ ಶೋ ನಡೆದ ಸಂಜೆ ಶಾಂತಾ ಇಳಕಲ್ ಸೀರೆ ಉಟ್ಟು, ಉಂಡಿ ಡಬ್ಬಿ ಹಿಡಿದು ಬಂದಳು. ಶೋ ಮುಗಿದ ಮೇಲೆ ಸ್ಟೇಜಿನ ಹಿಂದಿನ ಕೋಣೆಗೆ ಹೋದೆವು. ಕ್ಯಾಮೆರಾದವರು, ಪೇಪರಿನವರು, ಲೂ, ಎಲ್ಲರೂ ಇದ್ದರು. ಒಬ್ಬಳು ಕೇಳಿದಳು: “ಈ ಲೇಡಿ ಯಾರು?” ನೀನು ಲೂನ ಮುಖ ನೋಡಿದೆ. ಆಮೇಲೆ ಅಂದೆ…

ನಾನೇ ಬರೆಯಲೇ? ಬರೆಯುತ್ತೇನೆ. “ನಮ್ಮ ಮನೆಯ ಹಳೇ ಆಯಾ. ಚಿಕ್ಕಂದಿನಲ್ಲಿ ನನ್ನನ್ನು ನೋಡ್ಕೊಳ್ತಿದ್ಲು.”

ಬೇರೆ ತಾಯಿಯಾದರೆ ಅಳುತ್ತಿದ್ದಳು. ನಿನ್ನ ತಾಯಿ ಸೆರಗು ಸಿಕ್ಕಿಸಿದಳು. ಎಲ್ಲರೆದುರು ದನಿ ಎತ್ತಿದಳು:

ಟೊಪ್ಪಿಗಿ ನೋಡಿದ್ರ ದೊರಿಮಗ ಅಂತೀರಿ,
ಟೊಪ್ಪಿಗಿ ತೆಗದ್ರ ತೌಡಿನ ಬುಟ್ಟಿರಿ.
ಹಡದಾಕಿ ಬಂದ್ರ ಯಾರಂತ ಕೇಳ್ತಾನ,
ಹಾಲು ಕುಡದ ಬಾಯಿಲೆ ಸುಳ್ಳ ಮಾರ್ತಾನ!

ಅವರಿಗೆಲ್ಲ ಏನು ತಿಳಿಯಬೇಕು? ಜೋಗುಳ ಎಂದುಕೊಂಡು ಚಪ್ಪಾಳೆ ತಟ್ಟಿದರು. ಆ ಕೋಣೆಯಲ್ಲಿ ಅರ್ಥವಾದದ್ದು ನಿನಗೆ, ನನಗೆ. ಹಾಡು ಮುಗಿಸಿ ಅವಳು ಉಂಡಿ ಹಿಡಿದಳು. ಅಂದರೆ ಬೈದಾಯಿತು, ಮರೆತಾಯಿತು, ಬಾಯಿ ತೆರೆ ಅಂತ. ಅಷ್ಟೇ. ಬಾಯಿ ತೆರೆದಿದ್ದರೆ ಮುಗಿದುಹೋಗುತ್ತಿತ್ತು. ಕ್ಯಾಮೆರಾದವನು ಮಸೂರ ತಿರುಗಿಸಿದ. ಲೂ ಕೆಮ್ಮಿದ. ನೀನು “ನೋ, ಥ್ಯಾಂಕ್ ಯೂ” ಎಂದು ಮುಖ ತಿರುಗಿಸಿದೆ.

ಸಬ್‌ವೇಯಲ್ಲಿ ಅವಳು ಒಂದೇ ಮಾತು ಆಡಿದಳು. “ಮುರೀತಲ್ಲಣ್ಣಾ.” ಅಲ್ಲಿಂದ ಮುಂದೆ ಯಾವ ಮದುವೆಯಲ್ಲೂ ಅವಳು ಹಾಡಲಿಲ್ಲ. ನಿನ್ನ ಜೊತೆ ಮಾತೂ ಆಡಲಿಲ್ಲ. ನೀನೂ ಬರಲಿಲ್ಲ, ಟೊಪ್ಪಿಗೆ ಬಾಗಿಲಲ್ಲಿ ಹಿಡಿಸುತ್ತಿರಲಿಲ್ಲವೋ ಏನೋ.

ನಿನ್ನ ಇಳಿಜಾರು ನಿನಗೇ ಗೊತ್ತು. ಗಾಳಿ ತಿರುಗಿತು, ಜನಕ್ಕೆ ಕೊಡೆ ಟೊಪ್ಪಿಗೆ ಬೇಸರವಾಯಿತು. ಆಗ, ಅಷ್ಟರಲ್ಲಿ ತಾನೂ ರ‍್ಯಾಪ್ ಹಾಡುವವನಾಗಿದ್ದ ಮಾರ್ಕಸ್ ತನ್ನ ಹಾಡಿನಲ್ಲಿ ನಿನ್ನ ಬಣ್ಣ ಬಯಲು ಮಾಡಿದ. ಲಾರ್ಡ್ ಅಲ್ಲ, ಬಂಗಲೆ ಇಲ್ಲ, ಫ್ಲೋರಲ್ ಪಾರ್ಕಿನಲ್ಲಿ ತಾಯಿ ಇದ್ದಾಳೆ, ಇವನು ಆಯಾ ಅನ್ನುತ್ತಾನೆ ಎಂದು ಪ್ರಾಸ ಕಟ್ಟಿ ಚಚ್ಚಿದ. ಊರು ನಕ್ಕಿತು. ಲೂ ನಿನ್ನನ್ನು ಬಿಟ್ಟ. ನೀನು ಜರ್ಸಿ ಸಿಟಿಯ ಬಾಡಿಗೆ ಕೋಣೆಗೆ ಸೇರಿದೆ.

ಈಗ ನಿನಗೆ ಗೊತ್ತಿಲ್ಲದ್ದನ್ನು ಕೇಳು. ಆ ಹಾಡು ಬಂದ ವಾರವೇ ಮಾರ್ಕಸ್ ನನ್ನ ಅಂಗಡಿಗೆ ಬಂದ. ಸೀರೆಗಳ ನಡುವೆ ತಲೆ ತಗ್ಗಿಸಿ ನಿಂತು, “ಅಂಕಲ್, ಉಂಡಿ ಎಲ್ಲಿ ಸಿಗುತ್ತೆ? ನಾನು ಬೈದಿದ್ದೀನಿ, ತಿನ್ನಿಸಬೇಕು,” ಎಂದ. ನಾನೇ ಅವನನ್ನು ಮಿಠಾಯಿ ಅಂಗಡಿಗೆ ಕರೆದೊಯ್ದೆ. ಅವನು ಡಬ್ಬಿ ಹಿಡಿದು ಜರ್ಸಿ ಸಿಟಿಗೆ ಬಂದು ನಿನ್ನ ಬಾಗಿಲು ಬಡಿದ. ನೀನು ಕಿಂಡಿಯಿಂದ ನೋಡಿದೆ, ತೆರೆಯಲಿಲ್ಲ. ಅಣಕಿಸಲು ಬಂದಿದ್ದಾನೆ ಎಂದುಕೊಂಡೆಯಾ? ಬೀಗ ಬಂದರೆ ಬೀಗ ಹಾಕುತ್ತಾರೇನೋ ಹುಚ್ಚಾ? ನಾನೂ ಫೋನ್ ಮಾಡಿದೆ. ನೀನು ಎತ್ತಲಿಲ್ಲ. ಡಬ್ಬಿಯನ್ನು ಅವನು ಮೆಟ್ಟಿಲ ಮೇಲಿಟ್ಟು ಹೋದ. ಯಾವ ಅಳಿಲಿನ ಪಾಲಾಯಿತೋ!

ಆ ಚಳಿಗಾಲದಲ್ಲೇ ದಮ್ಮು ನಿನ್ನನ್ನು ಹಿಡಿಯಿತು. ಉಸಿರು ಮಾರಿ ಬದುಕಿದವನು ಉಸಿರಿಲ್ಲದೆ ಹೋದೆ. ಇನ್‌ಹೇಲರು ಖಾಲಿಯಾಗಿತ್ತಂತೆ. ಪಕ್ಕದ ಕೊಕ್ಕೆಯಲ್ಲಿ ಟೊಪ್ಪಿಗೆ ಮಾತ್ರ ಧೂಳಿಲ್ಲದೆ…

ಸರಿ, ಮೊನ್ನೆಯ ಮಾತಿಗೆ ಬರುತ್ತೇನೆ. ಎಡೆಯ ಮುಂದೆ ಇಡಲು ದೊಡ್ಡವನಾದ ಮೇಲಿನ ನಿನ್ನ ಫೋಟೋ ಟೊಪ್ಪಿಗೆಯದ್ದೇ ಇತ್ತು. ಶಾಂತಾ ಕತ್ತರಿ ತಂದು ಟೊಪ್ಪಿಗೆ ಕತ್ತರಿಸಿದಳು. ಅರ್ಧ ಹಣೆಯೂ ಹೋಯಿತು, ಬೇಜಾರಾಗಬೇಡ. ಎಲೆಗೆ ರೊಟ್ಟಿ, ಬದನೆಕಾಯಿ ಪಲ್ಯ, ಹೋಳಿಗೆ, ನಿನಗೆ ಇಷ್ಟವಾದದ್ದೆಲ್ಲ ಬಡಿಸಿದಳು. ಉಂಡಿ ಮಾತ್ರ ಇಡಲಿಲ್ಲ. ಡಬ್ಬಿ ತುಂಬ ಕಟ್ಟಿದ್ದಳು, ಆದರೂ ಇಡಲಿಲ್ಲ.

“ಒಂದರ ಇಡವಾ,” ಎಂದೆ.

“ಜೀವ ಇದ್ದಾಗ ಬಾಯಿ ತೆರೀಲಿಲ್ಲ. ಈಗ ಫೋಟೋ ತೆರೀತೈತೇನು?”

ಆಗ ಬೆಲ್ ಆಯಿತು. ಬಾಗಿಲಲ್ಲಿ ಮಾರ್ಕಸ್. ಕರಿ ಕೋಟು, ಕೈಯಲ್ಲಿ ಹೂವು. ಒಳಗೆ ಬರಲು ಧೈರ್ಯವಿಲ್ಲ, ಹೋಗಲು ಮನಸ್ಸಿಲ್ಲ. ಶಾಂತಾ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಅವಳ ಕೈ ಸೆರಗಿಗೆ ಹೋಯಿತು.

ಉದ್ದಾನ ಕಾಲಿನ ಬೀಗ ಬಂದಾನ,
ಹೊಚ್ಚಲ ದಾಟಾಕ ಹೆದರಿ ನಿಂದಾನ.
ಊರ ಮುಂದ ಗೆಣೆಯನ ಮಾನ ಕಳದಾನ…

ನಾಲ್ಕನೆಯ ಸಾಲು ಅವಳಿಗೆ ಹೊಳೆಯುವ ಮೊದಲೇ, ಡಬ್ಬಿಯ ಮುಚ್ಚಳ ತೆಗೆಯುವ ಮೊದಲೇ, ಆ ಆರಡಿ ಗಂಡಸು ಹೊಸ್ತಿಲ ಹೊರಗೆ ಮೊಣಕಾಲೂರಿ, ಕಣ್ಣು ಮುಚ್ಚಿ ಬಾಯಿ ತೆರೆದ. ಒಂದು ಪದ ಕನ್ನಡ ಬಾರದವನು! ಶಾಂತಾ ಅವನ ಬಾಯಿಗೆ ಉಂಡಿ ಇಟ್ಟಳು. ಅವನು ಅಳುತ್ತಾ ಅಗಿದ. “ಸಾರಿ, ಮಾಮಾ,” ಎಂದ. ಮಾಮಾ ನಾನಿಲ್ಲಿದ್ದೀನಪ್ಪಾ, ಅವಳು ನನ್ನ ತಂಗಿ, ಎಂದೆ. ಯಾರೂ ನಗಲಿಲ್ಲ. ನನ್ನ ಒಳ್ಳೆಯ ಮಾತುಗಳಿಗೆ ಯಾವಾಗಲೂ ಇದೇ ಗತಿ.

ಕಲಿಸಿದವನು ನೀನು, ಕಲಿತವನು ಅವನು. ನಿನ್ನ ಬಾಯಿಗೆ ಹಿಡಿದ ಉಂಡಿ ಕಡೆಗೆ ನಿನ್ನನ್ನು ಬೀಳಿಸಿದವನ ಹೊಟ್ಟೆಗೆ ಹೋಯಿತು. ಬರುವ ಭಾನುವಾರ ಓಲ್ಡ್ ಬ್ರಿಡ್ಜ್‌ನ ಇನ್ನೊಂದು ಮದುವೆಯಲ್ಲಿ ನಿನ್ನ ತಾಯಿ ಮತ್ತೆ ಹಾಡುತ್ತಾಳೆ. ಅವಳನ್ನು ಡ್ರೈವ್ ಮಾಡಿಕೊಂಡು ಹೋಗುವವನೂ ಅವನೇ. ಹೇಗಿದೆ? ಉರಿಯುತ್ತಿದೆಯೇ?

ಆದರೆ ನಿನ್ನ ಮಾವ ಕಳ್ಳ. ಅವಳು ಅತ್ತ ತಿರುಗಿದಾಗ ಒಂದು ಉಂಡಿ ಎಗರಿಸಿ ಕೋಟಿನ ಜೇಬಿಗೆ ಹಾಕಿಕೊಂಡಿದ್ದೇನೆ. ನೀನಿರುವಲ್ಲಿಗೆ ಬರುವಾಗ ತರುತ್ತೇನೆ. ಮೊದಲು ನನ್ನ ಬೈಗುಳದ ಹಾಡು, ನಾಲ್ಕಲ್ಲ, ನಲವತ್ತು ಸಾಲು. ಸಿಟ್ಟಾದರೆ ಸೋತೆ. ಆಮೇಲೆ ಉಂಡಿ. ನನಗಿನ್ನೂ ಬರಲು ಅವಸರವಿಲ್ಲ, ಹಳದಿ ಸೀರೆಗಳು ಬಹಳ ಉಳಿದಿವೆ.

ಅಲ್ಲಿಯವರೆಗೆ ಹಸಿದಿರು.

ನಿನ್ನ ಮಾವ