ಅಯಸ್ಕಾಂತ ಅಂಟದ ಉಕ್ಕು

ಜೂನ್ 9, ಭಾನುವಾರ

ಪ್ರೀತಿಯ ಅಕ್ಕ,

ಇಲ್ಲಿ ಎಲ್ಲರೂ ಚೆನ್ನಾಗಿದ್ದಾರೆ, ನನ್ನೊಬ್ಬನನ್ನು ಬಿಟ್ಟು. ನಿನ್ನ ಕಾಗದ ಬಂದು ತುಂಬ ದಿನವಾಯಿತು, ಬೈಯಬೇಡ. ಹೊಸ ಕೆಲಸ ಹೇಗಿದೆ ಎಂದು ನೀನು ಕೇಳಿದ್ದೆ. ಅದನ್ನು ಬರೆಯಲು ನಾಚಿಕೆಯಾಗಿ ಸುಮ್ಮನಿದ್ದೆ.

ಶಾಲೆ ಬಿಟ್ಟ ನನ್ನನ್ನು ಅಪ್ಪನೇ ಮಾಲೀಕರನ್ನು ಕಾಡಿ ಬೇಡಿ ತನ್ನ ಕಾರ್ಖಾನೆಗೆ ಸೇರಿಸಿದ. ಅಪ್ಪ ಒಳಗೆ ಕುಲುಮೆಯ ಮುಂದೆ, ಎರಕದ ಮೇಸ್ತ್ರಿ. ಗಣಿಯಲ್ಲಿ ಕಲ್ಲು ಪುಡಿಮಾಡುವ ಯಂತ್ರಕ್ಕೆ ದವಡೆಯ ಹಾಗೆ ಕೂರಿಸುವ ದಪ್ಪ ಹಲಗೆಗಳನ್ನು ಎರಕ ಹೊಯ್ಯುತ್ತಾನೆ. ನಾನು ಹೊರಗೆ, ಲಾರಿಗೆ ತುಂಬುವ ಕಡೆ. ಟೈರಿಗೆ ಚುಚ್ಚದಿರಲೆಂದು ಬಿದ್ದ ಮೊಳೆಗಳನ್ನು ಅಯಸ್ಕಾಂತದಿಂದ ಹೆಕ್ಕುತ್ತೇನೆ.

ಕಳೆದ ವಾರ ಗಣಿಯವರು ಮಾಲು ನೋಡಲು ಬಂದಿದ್ದರು. ಕೈ ಸುಮ್ಮನಿರದೆ ಒಂದು ಹಲಗೆಗೆ ಅಯಸ್ಕಾಂತ ಇಟ್ಟೆ. ಜಾರಿ ಕಾಲ ಬಳಿ ಬಿತ್ತು. ಇನ್ನೊಂದಕ್ಕಿಟ್ಟೆ, ಅದೂ ಅಷ್ಟೆ. ನನ್ನ ಬಾಯಿ ನಿನಗೆ ಗೊತ್ತಲ್ಲ, ಕಂಡದ್ದನ್ನು ನುಂಗಿಕೊಳ್ಳಲು ಬರುವುದಿಲ್ಲ. "ಇದು ಉಕ್ಕೇ ಅಲ್ಲ! ಮೇಸ್ತ್ರಿ ಕಲಬೆರಕೆ ಮಾಡಿದಾರೆ!" ಎಂದು ಎಲ್ಲರೆದುರು ಕೂಗಿಬಿಟ್ಟೆ.

ಗಣಿಯ ಹಿರಿಯರೊಬ್ಬರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಲೋ ಮರಿ, ಇದು ಮ್ಯಾಂಗನೀಸ್ ಉಕ್ಕು ಕಣೋ. ಅಂಟದಿದ್ರೇನೇ ಹದ ಸರಿಯಾಗಿದೆ ಅಂತ. ಅಂಟಿದ್ರೆ ನಾವು ವಾಪಸ್ ಕಳಿಸ್ತಿದ್ವಿ."

ಮಾಲೀಕರು, ಕೂಗು ಕೇಳಿ ಒಳಗಿನಿಂದ ಬಂದಿದ್ದ ಅಪ್ಪನ ಕಡೆ ತಿರುಗಿದರು. "ಏನ್ ಮೇಸ್ತ್ರಿ, ಮನೆಯವ್ರೇ ನಿಮ್ಮನ್ನ ನಂಬಲ್ವಲ್ರೀ!"

ಅಪ್ಪ ಕೈಗವಸು ಕಳಚಿ, ಮತ್ತೆ ಹಾಕಿಕೊಂಡ.

ಈಗ ನನ್ನ ಹೆಸರು ಇನ್ಸ್‌ಪೆಕ್ಟರ್ ಸಾಹೇಬ. "ಸಾಹೇಬ್ರೇ, ಚಹಾಗೆ ಸಕ್ಕರೆ ಬಿದ್ದಿದೆಯಾ, ಸ್ವಲ್ಪ ಅಯಸ್ಕಾಂತ ಇಟ್ಟು ನೋಡಿ" ಅನ್ನುತ್ತಾರೆ. ಅದನ್ನು ತಡೆದುಕೊಳ್ಳಬಲ್ಲೆ. ಆದರೆ ಆ ನಗು ಏಳುತ್ತಲೇ ಅಪ್ಪ ಲೋಟ ಹಿಡಿದು ಕುಲುಮೆಯ ಹಿಂದಕ್ಕೆ ಹೋಗುತ್ತಾನೆ. ಮೊದಲು ಚಹಾದ ಹೊತ್ತಿಗೆ ಬೆಂಚಿನ ನಡುವೆ ಕೂತು ಎಲ್ಲರನ್ನೂ ನಗಿಸುತ್ತಿದ್ದವನು.

ಅಮ್ಮ ನಿನ್ನನ್ನು ಹರಸಿದ್ದಾಳೆ, ಮೈ ಜೋಪಾನವಂತೆ. ಭಾವನಿಗೆ ನಮಸ್ಕಾರ. ಪುಟ್ಟಿಯ ಕೆನ್ನೆಗೊಂದು ಮುತ್ತು.

ನಿನ್ನ ಬಾಯಿಬಡುಕ ತಮ್ಮ

ಕಡೆಗೊಂದು ಮಾತು: ಅವತ್ತು ಮನೆಗೆ ಬರುವ ದಾರಿಯಲ್ಲಿ ಅಪ್ಪ ಕೇಳಿದ, "ನಾನು ಅಂಥ ಕೆಲಸ ಮಾಡಿರ್ತೀನಿ ಅಂತ ನಿಂಗೆ ನಿಜವಾಗ್ಲೂ ಅನ್ನಿಸ್ತೇನೋ?" ಅಕ್ಕ, ಅಯಸ್ಕಾಂತ ಜಾರಿದಾಗ ನನಗೆ ಬೇಜಾರಾಗಿರಲಿಲ್ಲ, ಖುಷಿಯಾಗಿತ್ತು. ಶಾಲೆ ಬಿಟ್ಟಾಗಿನಿಂದ ನನ್ನನ್ನು ತಪ್ಪಿತಸ್ಥನ ಹಾಗೆ ನೋಡುತ್ತಿದ್ದ ಅಪ್ಪ ಕೊನೆಗೂ ಸಿಕ್ಕಿಬಿದ್ದ ಅನ್ನಿಸಿತ್ತು. "ಇಲ್ಲಪ್ಪ, ನೀನು ನೆನಪಿಗೇ ಬರ್ಲಿಲ್ಲ, ಬಾಯಿ ಜಾರ್ತು" ಅಂದೆ. ಅಪ್ಪ ನಂಬಿದ. ಮನೆ ಬರುವವರೆಗೂ ನನ್ನ ಭುಜದ ಮೇಲೆ ಕೈಯಿಟ್ಟುಕೊಂಡೇ ನಡೆದ.