ಅತ್ತೆಯ ಸಾಕ್ಷಿ

ಥಾರ್ನ್‌ವಿಕ್, ಲಿಂಕನ್ ಸೀಮೆ
ಸಂತ ಮಾರ್ಟಿನರ ಹಬ್ಬದ ಮರುದಿನ, 1351

ಪ್ರೀತಿಯ ತಂಗಿ ಸಿಬಿಲ್,

ಹೇಗಿದ್ದೀಯೆ? ಚಳಿಗೆ ನಿನ್ನ ಕೆಮ್ಮು ಮತ್ತೆ ಶುರುವಾಯಿತಾ? ಮಠದ ಕಲ್ಲುನೆಲದ ಮೇಲೆ ಬರಿಗಾಲಲ್ಲಿ ನಿಲ್ಲಬೇಡ, ಯಾರಾದರೂ ಬೈದರೆ ಅಕ್ಕ ಹೇಳಿದಳು ಅನ್ನು. ನಾನು ಉಣ್ಣುತ್ತೇನೆ, ಮಲಗುತ್ತೇನೆ. ಅಳು ಮಾತ್ರ ಬಂದಿಲ್ಲ. ರೇನಾಲ್ಡ್ ತೀರಿಕೊಂಡು ಇದು ಏಳನೆಯ ವಾರ. ಅವರ ಬೂಟು ಬಾಗಿಲ ಹಿಂದೆಯೇ ಇದೆ. ನೋಡಿದರೆ ಬೂಟು ಅನ್ನಿಸುತ್ತದೆ, ಅಷ್ಟೆ. ನಾನು ಹೇಳುತ್ತಿದ್ದೇನೆ, ನಮ್ಮ ಪಾದ್ರಿಗಳು ಬರೆಯುತ್ತಿದ್ದಾರೆ.

ಸತ್ತ ನಲವತ್ತನೆಯ ದಿನವೇ ಹ್ಯಾಮೋ ನನ್ನ ಪೆಟ್ಟಿಗೆ ಅಂಗಳಕ್ಕೆ ತಂದಿಟ್ಟ. ಮಲಮಗನಾದರೂ ಅಂಗಿ ಹೊಲಿದು ಹಾಕಿ ಬೆಳೆಸಿದವಳು ನಾನೇ ಅಲ್ಲವಾ? ವಿಧವೆಗೆ ಸಲ್ಲುವ ಮೂರನೇ ಒಂದು ಪಾಲು ಕೇಳಿದೆ. "ಅಪ್ಪ ಚರ್ಚಿನ ಬಾಗಿಲಲ್ಲಿ ನಿಂತು, ಪಾಲು ಕೊಡ್ತೀನಿ ಅಂತ ಹೇಳಿ ನಿನ್ನ ಮದುವೆ ಆಗಿದ್ರೆ ತಾನೆ? ನೋಡಿದವರು ಯಾರಿದ್ದಾರೆ, ಕರ್ಕೊಂಡ್ ಬಾ," ಅಂದ. ನೋಡಿದವರನ್ನೆಲ್ಲ ಎರಡು ವರ್ಷದ ಹಿಂದೆ ಮಹಾಮಾರಿ ಹೊತ್ತುಕೊಂಡು ಹೋಯಿತು. ಉಳಿದ ನೀನೊಬ್ಬಳು ಮಠದ ಬಾಗಿಲು ದಾಟುವ ಹಾಗಿಲ್ಲ.

ಮೊನ್ನೆ ಧಣಿಗಳ ನ್ಯಾಯಸಭೆಯಲ್ಲಿ ನನ್ನ ಸಾಕ್ಷಿ ಯಾರು ಅಂತ ಕೇಳಿದರು. ಆಗ ಅತ್ತೆ ಕೋಲೂರಿ ಎದ್ದರು. ಮದುವೆಯಾದ ಈ ಹನ್ನೊಂದು ವರ್ಷದಲ್ಲಿ ನನ್ನನ್ನು ಹೆಸರು ಹಿಡಿದು ಕರೆದವರಲ್ಲ. "ನಾನಿದ್ದೆ. ಹಿಮ ಬೀಳ್ತಿತ್ತು. ಬಾಗಿಲ ಪಕ್ಕದಲ್ಲೇ ನಿಂತಿದ್ದೆ. ಮೂರನೇ ಒಂದು ಪಾಲು ಅಂತ ನನ್ನ ಮಗ ಅಂದದ್ದು ಈ ಕಿವೀಲೇ ಕೇಳಿದೀನಿ," ಅಂತ ಸುವಾರ್ತೆಯ ಪುಸ್ತಕ ಮುಟ್ಟಿ ಆಣೆ ಇಟ್ಟರು. ಹ್ಯಾಮೋ, "ಅಜ್ಜೀ, ನಿನಗೆ ಅರಳುಮರಳು," ಅಂದ. "ಅರಳುಮರಳು ನಿನ್ನ ಆಸೆಗೆ ಕಣೋ," ಅಂದರು. ಸಭೆಯೆಲ್ಲ ನಕ್ಕಿತು. ಪಡುವಣ ಕೋಣೆ, ಮೇಲಿನ ಬಾರ್ಲಿ ಹೊಲ, ನಾಲ್ಕು ಸೇಬಿನ ಮರ, ಬಾವಿಗೆ ಹೋಗುವ ದಾರಿ, ಇಷ್ಟು ನಾನು ಸಾಯುವವರೆಗೆ ನನ್ನದಂತೆ.

ಹೊಲ ಸಿಕ್ಕ ದಿನವೇ ವರನೂ ಸಿಕ್ಕ! ಧಣಿಗಳ ಕಾರಭಾರಿ ಆ ವಾಲ್ಟರನನ್ನು ಕರೆತಂದ, ಇಬ್ಬರು ಹೆಂಡಿರನ್ನು ಮಣ್ಣು ಮಾಡಿದವನನ್ನು. "ಒಂಟಿ ಹೆಂಗಸಿಗೆ ಉಳೋಕೊಬ್ಬ ಬೇಡವಾ?" ಅಂತ ಕಾರಭಾರಿ ಅಂದದ್ದಕ್ಕೆ ಅತ್ತೆ, "ಉಳೋಕೆ ಎತ್ತು ಸಾಕು," ಅಂದರು. ಮನಸ್ಸಿಲ್ಲದ ವಿಧವೆಯನ್ನು ಬಲವಂತ ಮಾಡುವಂತಿಲ್ಲವಲ್ಲ. ಅದರ ಬದಲಿಗೆ, ಧಣಿಗಳ ಒಪ್ಪಿಗೆಯಿಲ್ಲದೆ ಯಾರನ್ನೂ ಮದುವೆಯಾಗುವುದಿಲ್ಲ ಅಂತ ಮಾತು ಕೊಟ್ಟೆ. ಆಗಲೂ ಏನೂ ಅನ್ನಿಸಲಿಲ್ಲ.

ಪ್ರಾರ್ಥನೆಯಲ್ಲಿ ರೇನಾಲ್ಡ್‌ರನ್ನು ನೆನೆ. ಮೇರಿ ಮಾತೆ ನಿನ್ನನ್ನು ಬೆಚ್ಚಗಿಡಲಿ.

ನಿನ್ನ ಅಕ್ಕ,
ಅಮಿಸ್

ಮರೆತ ಮಾತು: ಪಾದ್ರಿಗಳು ಎದ್ದು ಹೋದರು, ಈ ಸೊಟ್ಟ ಅಕ್ಷರ ನನ್ನದೇ. ಓದಿ ಸುಟ್ಟುಬಿಡು. ನಿನ್ನನ್ನು ವಿಚಾರಿಸಲು ಹ್ಯಾಮೋ ಮಠಕ್ಕೆ ಬರುತ್ತಿದ್ದಾನೆ. ರೇನಾಲ್ಡ್ ಪಾಲು ಹೇಳಿದ್ದು ನಿಜ. ಆದರೆ ಅತ್ತೆ ಮದುವೆಯ ದಿನ ಸಿಟ್ಟಿನಿಂದ ಚರ್ಚಿಗೆ ಬರಲೇ ಇಲ್ಲ, ನಿನಗೆ ಗೊತ್ತಲ್ಲ. "ಯಾಕತ್ತೆ ಸುಳ್ಳಾಣೆ ಇಟ್ಟಿರಿ?" ಅಂತ ದಾರಿಯಲ್ಲಿ ಕೇಳಿದೆ. "ಅವತ್ತೇ ಬರಬೇಕಿತ್ತು, ಅಮಿಸ್. ಹನ್ನೊಂದು ವರ್ಷ ತಡವಾಯ್ತು," ಅಂದರು. ಪಾಪ ನನ್ನ ತಲೆಗಿರಲಿ. ಅವನು ಕೇಳಿದರೆ, ಇದ್ದರು ಅನ್ನು.