ತಮ್ಮನಿಗಾಗಿ ಇಳಿಸಿದ ತೂಕ

ಹೆಬ್ಬಾಲೆ
ಜನವರಿ 5, 2026, ಸೋಮವಾರ

ಪ್ರೀತಿಯ ಪುಟ್ಟಸ್ವಾಮಿಗೆ,

ಅಕ್ಕನ ಆಶೀರ್ವಾದ. ಹೇಗಿದ್ದೀಯಪ್ಪಾ? ಕಾಲಿನ ಊತ ಇಳಿದಿದೆಯೇ? ಕೈಗೆ ಸೂಜಿ ಚುಚ್ಚುವ ಜಾಗ ಇನ್ನೂ ನೋಯುತ್ತದೆಯೇ? ಡಯಾಲಿಸಿಸ್ ಆದ ದಿನ ಹಿಂಡಿ ಹಾಕಿದ ಬಟ್ಟೆಯ ಹಾಗೆ ಬಿದ್ದುಕೊಂಡಿರುತ್ತೀಯಂತೆ, ನಿನ್ನ ಹೆಂಡತಿ ವೀಣಾನೇ ಹೇಳಿದಳು. ಆ ದಿನವಾದರೂ ನೆಟ್ಟಗೆ ಮಲಗು. ಕುಡಿಯುವ ನೀರನ್ನೂ ಲೋಟದಲ್ಲಿ ಅಳೆದು ಕೊಡುತ್ತಾಳೆಂದು ಕೇಳಿ ನನ್ನ ಹೊಟ್ಟೆ ಉರಿದುಹೋಯಿತು. ಕಾವೇರಿ ಪಕ್ಕದಲ್ಲೇ ಹರಿಯುವ ಊರಿನಲ್ಲಿ ಕೂತು ನಾನು ಗಟಗಟ ಕುಡಿಯುವಾಗಲೆಲ್ಲ ನಿನ್ನ ನೆನಪಾಗಿ ಲೋಟವನ್ನು ಅರ್ಧಕ್ಕೇ ಕೆಳಗಿಡುತ್ತೇನೆ. ಇಲ್ಲಿ ನಿನ್ನ ಭಾವನಿಗೆ ಸ್ವಲ್ಪ ನೆಗಡಿ, ಬಿಟ್ಟರೆ ಎಲ್ಲ ಚೆನ್ನಾಗಿದ್ದೇವೆ. ಶುಂಠಿ ಕಿತ್ತು ಆಯಿತು. ಅವರೆಕಾಯಿ ಸೊಗಡು ಊರೆಲ್ಲ ಹರಡಿದೆ.

ಈ ಕಾಲದಲ್ಲಿ ಕಾಗದ ಬರೆಯುವವರು ಯಾರು ಎಂದು ನಗಬೇಡ. ಫೋನಿನಲ್ಲಿ ಕಿಡ್ನಿಯ ಮಾತೆತ್ತಿದರೆ ಸಾಕು, "ಅಕ್ಕಾ, ಡಾಕ್ಟರು ಕರೀತಾವ್ರೆ" ಎಂದು ಇಟ್ಟುಬಿಡುತ್ತೀಯ. ರಾತ್ರಿ ಊಟದ ಹೊತ್ತಿನಲ್ಲಿ ನಿನ್ನನ್ನು ಕರೆಯುವ ಆ ಡಾಕ್ಟರು ಯಾರು ಕಣೋ? ಕಾಗದವನ್ನಾದರೆ ಹಾಗೆ ಕಟ್ ಮಾಡಲು ಬರುವುದಿಲ್ಲ. ಹರಿದು ಹಾಕಿದರೆ ಮತ್ತೆ ಬರೆಯುತ್ತೇನೆ, ನನಗೇನು ಬೇರೆ ಕೆಲಸವೇ? ನಿನಗೆ ಗೊತ್ತಿಲ್ಲದ ಒಂದು ಕಥೆ ಹೇಳಬೇಕಾಗಿದೆ. ಮಧ್ಯೆ ಎದ್ದು ಹೋಗದೆ ಓದು.

ಆಷಾಢದಲ್ಲಿ ನನ್ನ ಕಿಡ್ನಿ ನಿನಗೆ ಹೊಂದುತ್ತದೆ ಎಂದು ಗೊತ್ತಾದ ದಿನವೇ ಮೈಸೂರಿನ ದೊಡ್ಡ ಡಾಕ್ಟರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರಲ್ಲ. ಇಷ್ಟು ತೂಕ ಇರುವವರಿಂದ ತೆಗೆಯುವುದಿಲ್ಲ, ಕೊಟ್ಟವರಿಗೇ ಅಪಾಯ, ಇಳಿಸಿಕೊಂಡು ಬನ್ನಿ ಎಂದರು. ನಾನು ನಾಚಿಕೆಯಿಂದ ಸೆರಗು ಹೊದ್ದು ಕೂತೆ. ನೀನು ಮಾತ್ರ, ಸದ್ಯ ಬದುಕಿದೆ ಎನ್ನುವ ಹಾಗೆ ಉಸಿರು ಬಿಟ್ಟೆ. ನಾನು ನೋಡಲಿಲ್ಲ ಎಂದುಕೊಂಡೆಯಾ? ಆಸ್ಪತ್ರೆಯ ಮೆಟ್ಟಿಲ ಮೇಲೆ ನೀನು ಹೇಳಿದ್ದು ನನಗೆ ಬಾಯಿಪಾಠವಾಗಿದೆ: "ಬಿಡಕ್ಕಾ, ದೇವ್ರೇ ಬ್ಯಾಡ ಅಂದವ್ನೆ. ಕೊಟ್ಟ ಹೆಣ್ಣಿನ ಕೈಯಿಂದ ತವರು ಈಸ್ಕೋಬಾರ್ದು. ಕೊಡೋರು ನಾವು, ಈಸ್ಕೊಳ್ಳೋಳು ನೀನು." ದೊಡ್ಡ ಮನುಷ್ಯ! ಅಪ್ಪ ಅವ್ವ ಹೋದ ಮೇಲೆ ಶನಿವಾರಸಂತೆಯ ಆ ಮನೆಯ ಯಜಮಾನಿಕೆ ನಿನ್ನ ತಲೆಗೆ ಏರಿದ್ದೇ ಏರಿದ್ದು. ನನಗೆ ಅಲ್ಲೇ ಅಳು ಬಂತು, ಕೋಪವೂ ಬಂತು. ಹಟದಲ್ಲಿ ನಾವಿಬ್ಬರೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರಲ್ಲವೇ? ಬಸ್ಸಿನಲ್ಲಿ ಕೂತವಳೇ, ಗೌರಿ ಹಬ್ಬದ ಹೊತ್ತಿಗೆ ಕಡ್ಡಿಯಂತಾಗಿ ತೋರಿಸುತ್ತೇನೆ ಎಂದು ಮನಸ್ಸಿನಲ್ಲೇ ಆಣೆ ಇಟ್ಟೆ.

ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುತ್ತಾರೆ, ನೋಡು, ನನ್ನದೂ ಹಾಗೇ ಆಯಿತು. ಶ್ರಾವಣ ಬಂತು. ಸೋಮವಾರ, ಶುಕ್ರವಾರ, ಶನಿವಾರ ಒಪ್ಪೊತ್ತು ಮಾಡಿದರೆ ದೇವರಿಗೂ ಆಯಿತು, ತೂಕಕ್ಕೂ ಆಯಿತು ಎಂದುಕೊಂಡೆ. ನಮ್ಮ ಮನೆತನದ ಒಪ್ಪೊತ್ತು ನಿನಗೆ ಗೊತ್ತೇ ಇದೆ. ಅನ್ನ ಮುಟ್ಟುವ ಹಾಗಿಲ್ಲ, ಅಷ್ಟೇ. ಉಪ್ಪಿಟ್ಟು ಮುಟ್ಟಬಹುದು, ಬೆಲ್ಲದ ಅವಲಕ್ಕಿ ಮುಟ್ಟಬಹುದು, ಬಾಳೆಹಣ್ಣಿನ ರಸಾಯನ, ರವೆ ಉಂಡೆ, ತುಪ್ಪದಲ್ಲಿ ಹುರಿದ ಗೋಡಂಬಿ, ಯಾವುದಕ್ಕೂ ಅಡ್ಡಿಯಿಲ್ಲ. ಊಟ ಬಿಟ್ಟಿದ್ದೇನಲ್ಲ ಎಂಬ ಧೈರ್ಯದಲ್ಲಿ ಎರಡೂಟದಷ್ಟು ಪಲಾರ ತಿಂದೆ ಮಾರಾಯ. ಮಾಸ ಮುಗಿದ ಮೇಲೆ ಸೊಸೈಟಿಗೆ ಹೋಗಿ ಜೋಳದ ಮೂಟೆ ತೂಗುವ ಯಂತ್ರದ ಮೇಲೆ ಠೀವಿಯಿಂದ ನಿಂತೆ. ಮುಳ್ಳು ಮೊದಲಿಗಿಂತ ಮುಂದೆ ಹೋಗಿತ್ತು! ನಿನ್ನ ಭಾವ ಯಂತ್ರವೇ ಕೆಟ್ಟಿರಬೇಕು ಎಂದು ಸಮಾಧಾನ ಹೇಳಿದರು. ಪಾಪ, ಒಳ್ಳೆಯವರು.

ಗೌರಿ ಹಬ್ಬಕ್ಕೆ ನೀನು ಬಂದೆ. ಊದಿಕೊಂಡ ಕಾಲಿನಲ್ಲಿ ಎರಡು ಬಸ್ಸು ಬದಲಾಯಿಸಿ, ಬಾಗಿನದ ಮೊರವನ್ನು ಯಾರ ಕೈಗೂ ಕೊಡದೆ ತೊಡೆಯ ಮೇಲಿಟ್ಟುಕೊಂಡು ಬಂದೆ. ಬಂದವನು ಏದುಸಿರು ಬಿಡುತ್ತಲೇ, "ಏನಕ್ಕಾ, ಶ್ರಾವಣ ನಿಂಗೆ ಚೆನ್ನಾಗಿ ಹಿಡಿಸ್ದಂಗದೆ" ಎಂದು ನಕ್ಕೆ. ನಾನೂ ನಕ್ಕೆ. ಆಮೇಲೆ ಅಡುಗೆಮನೆಗೆ ಹೋಗಿ ಮಿಕ್ಸಿ ಹಾಕಿಕೊಂಡು ಅತ್ತೆ. ಅದರ ಮರುದಿನದಿಂದ ಏನನ್ನೂ ತಿನ್ನುವುದೇ ಬೇಡ ಎಂದು ಬರೀ ಮಜ್ಜಿಗೆಯ ಮೇಲೆ ಇದ್ದೆ. ಒಂದು ಮಧ್ಯಾಹ್ನ ಜೋಳದ ಹೊಲದಲ್ಲಿ ಕಣ್ಣು ಕತ್ತಲೆ ಬಂದು ಬಿದ್ದೆನಂತೆ. ಕಣ್ಣು ಬಿಟ್ಟಾಗ ಕುಶಾಲನಗರದ ಆಸ್ಪತ್ರೆಯಲ್ಲಿದ್ದೆ, ಭಾವ ನನ್ನ ಅಂಗಾಲು ಉಜ್ಜುತ್ತಿದ್ದರು.

ಅಲ್ಲಿ ಧನುಶ್ರೀ ಎಂಬ ಹುಡುಗಿ ಇದ್ದಾಳೆ. ಏನು ತಿನ್ನಬೇಕು, ಎಷ್ಟು ತಿನ್ನಬೇಕು ಎಂದು ಹೇಳಿಕೊಡುವುದೇ ಅವಳ ಕೆಲಸ. ನಾನು ಅವಳಿಗೆ, ದೀಪಾವಳಿಯೊಳಗೆ ಪೂರ್ತಿ ಇಳಿಸಿಕೊಡು ತಾಯಿ, ನನ್ನ ತಮ್ಮನ ಜೀವದ ಪ್ರಶ್ನೆ ಎಂದು ಕೈಮುಗಿದೆ. ಅವಳು ಕೈ ಹಿಡಿದು ಕೂರಿಸಿಕೊಂಡು, "ಅಮ್ಮಾ, ದೀಪಾವಳಿ ಮರ್ತುಬಿಡಿ. ಈ ವಾರ ಕಾಫಿಗೆ ಸಕ್ಕರೆ ಹಾಕ್ಬೇಡಿ. ಬೇರೇನೂ ಮಾಡ್ಬೇಡಿ" ಎಂದಳು. ಅಷ್ಟೇನಾ ಎಂದು ನನಗೆ ಅವಮಾನವೇ ಆಯಿತು. ಜೀವ ಉಳಿಸಬೇಕು ಅಂದರೆ ಸಕ್ಕರೆ ಬಿಡು ಅನ್ನುತ್ತಾಳಲ್ಲ! ಆದರೆ ಆ ಒಂದು ವಾರ ಕಾಫಿ ಕಷಾಯದ ಹಾಗಿತ್ತು, ಗೆದ್ದೆ ಅನ್ನಿಸಿತು. ಮುಂದಿನ ವಾರ ಮುದ್ದೆಯನ್ನು ಕಿರಿದು ಮಾಡಿಸಿದಳು. ಆಮೇಲೆ ರಾತ್ರಿಯ ಅನ್ನದ ಬದಲು ಪಲ್ಯ, ಮೊಳಕೆ ಕಾಳು. ಒಂದು ಸಲಕ್ಕೆ ಒಂದೇ. ಇಷ್ಟೇ ಆಗುತ್ತದೆ, ಇದಕ್ಕಿಂತ ಬೇಗ ಇಳಿದರೆ ನೀವು ಉಳಿಯುವುದಿಲ್ಲ, ಕೊಡುವವರು ಗಟ್ಟಿಯಾಗಿರಬೇಕು ಎಂದು ಗದರಿದಳು. ನಡೆಯುವುದೂ ಹಾಗೇ. ಮೊದಲು ನಾಲೆಯ ತೂಬಿನವರೆಗೆ, ಅದು ಸಲೀಸಾದ ಮೇಲೆ ಹೊಂಗೆ ಮರದವರೆಗೆ.

ನಡೆಯಲು ಜೊತೆಯಾದವರು ಹಿಂದಿನ ಬೀದಿಯ ಬೊಳ್ಳಮ್ಮ ಟೀಚರ್. ಕೊಡವರು, ಶಾಲೆಯಲ್ಲಿ ಆಟ ಆಡಿಸಿ ರಿಟೈರ್ ಆದವರು. ಬೆಳಗ್ಗೆ ಮೊಬೈಲಿನಲ್ಲಿ ಕಾಡಾನೆ ಯಾವ ಕಡೆ ಇದೆ ಎಂದು ಅರಣ್ಯ ಇಲಾಖೆಯವರು ಕಳಿಸುವ ಮೆಸೇಜು ನೋಡಿ, ದಾರಿ ಸುರಕ್ಷಿತ ಎಂದಾದ ಮೇಲೆಯೇ ನಮ್ಮ ಸವಾರಿ ಹೊರಡುವುದು. ಪುಟ್ಟಾ, ಆ ಹೊತ್ತಿನ ಮಂಜನ್ನು ನೀನು ನೋಡಬೇಕು. ನಾಲೆ ಏರಿಯ ಮೇಲೆ ನನ್ನ ಪಾದವೇ ನನಗೆ ಕಾಣುವುದಿಲ್ಲ. ಟೀಚರು ಮುಂದೆ ಹೋಗಿ ಕರಗಿಹೋಗುತ್ತಾರೆ, ಅವರ ಕೆಮ್ಮು ಮಾತ್ರ ಇರುತ್ತದೆ. ನಾನು ನಡೆಯುತ್ತಿದ್ದೇನೋ ತೇಲುತ್ತಿದ್ದೇನೋ ತಿಳಿಯದ ಹಾಗಾಗುತ್ತದೆ. ಒಮ್ಮೊಮ್ಮೆ ಅವ್ವ ಬೆನ್ನ ಹಿಂದೆ ಬರುತ್ತಿರುವ ಹಾಗೆ, ಅವಳ ಬಳೆಯ ಸದ್ದು ಕೇಳಿದ ಹಾಗೆ. ತಿರುಗಿ ನೋಡುವುದಿಲ್ಲ, ನೋಡಿದರೆ ಹೊರಟುಹೋದಾಳು ಎಂಬ ಭಯ. ಒಮ್ಮೊಮ್ಮೆ ನಾನು ಲಂಗದ ಹುಡುಗಿ, ನೀನು ನನ್ನ ಸೊಂಟದ ಮೇಲೆ. ನಿನ್ನ ಮೂಗು ಸುರಿಯುತ್ತಿದೆ, ಕೈಯಲ್ಲಿ ಕೊಬ್ಬರಿ ಚೂರು. ಅಳದೆ ಸುಮ್ಮನಿದ್ದರೆ ಹೊಳೆ ತೋರಿಸುತ್ತೇನೆ ಎಂದು ನಾನು ಹೇಳುತ್ತಿದ್ದೇನೆ. ಹಾಗೆ ಮಂಜಿನೊಳಗೆ ನಿನ್ನನ್ನು ಎತ್ತಿಕೊಂಡು ಎಷ್ಟು ದೂರ ನಡೆದಿದ್ದೇನೋ. ಬಿಸಿಲು ಬಿದ್ದು ಜೋಳದ ಕೂಳೆ ಕಂಡಾಗ ಸೊಂಟ ಖಾಲಿ ಇರುತ್ತದೆ. ಆಗ ಸಂಕಟವಾಗುತ್ತದೆ ಕಣೋ.

ದಿನಾ ಹೀಗೇ ಇತ್ತು ಎಂದುಕೊಳ್ಳಬೇಡ. ಕಾರ್ತಿಕದಲ್ಲಿ ಮುಳ್ಳು ಅಲ್ಲಾಡದೆ ನಿಂತುಬಿಟ್ಟಿತು. ವಾರಗಟ್ಟಲೆ ಅದೇ ತೂಕ. ಬಾಯಿ ಕಟ್ಟಿದ್ದೇನೆ, ಕಾಲು ಸವೆಸಿದ್ದೇನೆ, ಇನ್ನೇನು ಮಾಡಲಿ ಎಂದು ತೂಬಿನ ಕಟ್ಟೆಯ ಮೇಲೆ ಕೂತು ಗೋಳೋ ಎಂದು ಅತ್ತೆ. ಬೊಳ್ಳಮ್ಮ ಟೀಚರು ಸಮಾಧಾನ ಮಾಡುವವರಲ್ಲ. "ಎಂತ ಚಲುವಮ್ಮ, ಕೂತು ಅತ್ರೆ ಕಣ್ಣೀರಿನಷ್ಟೇ ತೂಕ ಇಳಿಯೋದು. ನಡ್ಕೊಂಡು ಅಳಿ" ಎಂದರು. ಅಳುತ್ತಲೇ ನಡೆದೆ. ಧನುಶ್ರೀ ಬಟ್ಟೆ ಅಳೆಯುವ ಟೇಪು ತಂದು ಸೊಂಟ ಅಳೆದು, ಇಲ್ಲಿ ಇಳಿದಿದೆಯಲ್ಲಮ್ಮ, ಮುಳ್ಳೊಂದನ್ನೇ ಯಾಕೆ ನಂಬುತ್ತೀರಿ ಎಂದಳು. ಮೊನ್ನೆ ಹಿತುಕಿದ ಅವರೆಕಾಳಿನ ಸಾರಿನ ಮುಂದೆ ನಾನು ಪೂರ್ತಿ ಸೋತುಹೋದೆ. ಎಷ್ಟು ಮುದ್ದೆ ತಿಂದೆ ಎಂದು ಕೇಳಬೇಡ, ಹೇಳುವುದಿಲ್ಲ. ಬೈಸಿಕೊಳ್ಳಲು ಸಿದ್ಧಳಾಗಿಯೇ ಹೋದರೆ ಆ ಹುಡುಗಿ, "ರುಚಿಯಾಗಿತ್ತಾ? ಸರಿ, ನಾಳೆಯಿಂದ ಮತ್ತೆ" ಎಂದು ನಕ್ಕಳು. ಮೊದಲಿನ ಚಲುವಮ್ಮ ಆಗಿದ್ದರೆ, ಕೆಟ್ಟದ್ದು ಕೆಟ್ಟಿತು ಎಂದು ಅಲ್ಲಿಗೇ ಕೈಬಿಡುತ್ತಿದ್ದಳು.

ಇಷ್ಟು ದಿನ ಏನು ನನ್ನನ್ನು ಹಾಸಿಗೆಯಿಂದ ಎಬ್ಬಿಸಿತು ಎಂದು ಯೋಚಿಸುತ್ತೇನೆ. ನಿನ್ನ ಮೇಲಿನ ಪ್ರೀತಿ ಎಂದು ಬರೆದರೆ ಚೆನ್ನಾಗಿರುತ್ತದೆ. ನಿಜ ಹೇಳಲಾ? ಕೆಲವು ದಿನ ಪ್ರೀತಿ, ಕೆಲವು ದಿನ ನಿನ್ನ ಮೇಲಿನ ಸಿಟ್ಟು. ಸಿಟ್ಟಿನ ದಿನಗಳಲ್ಲೇ ಹೆಚ್ಚು ದೂರ ನಡೆದಿದ್ದೇನೆ. ಎರಡೂ ಇಲ್ಲದ ದಿನ ಟೀಚರು ಬಂದು ಕಿಟಕಿ ಬಡಿಯುತ್ತಿದ್ದರು. ಈಗ ಕಣಿವೆ ಊರಿನ ತೂಗುಸೇತುವೆಯವರೆಗೆ ಹೋಗಿ ಬರುತ್ತೇನೆ. ಸೇತುವೆಯ ನಡುವೆ ನಿಂತರೆ ಕೆಳಗೆ ಹೊಳೆ, ಮೇಲೆ ಮಂಜು. ತೊಟ್ಟಿಲಲ್ಲಿಟ್ಟು ಯಾರೋ ತೂಗಿದ ಹಾಗೆ ಆಗುತ್ತದೆ, ನಿಂತಲ್ಲೇ ನಿದ್ದೆ ಬಂದುಬಿಡುತ್ತದೆ. ರವಿಕೆಗಳನ್ನೆಲ್ಲ ಹಿಡಿಸಿದ್ದಾಯಿತು. ಬಳೆ ಮೊಣಕೈಗೆ ಜಾರುತ್ತದೆ. ಬೀದಿಯ ಹೆಂಗಸರು, ಪಾಪ, ಸಕ್ಕರೆ ಕಾಯಿಲೆ ಇರಬೇಕು ಎಂದು ಗುಸುಗುಸು ಮಾಡಿಕೊಳ್ಳುತ್ತಾರೆ. ವಿಡಿಯೋ ಕಾಲಿನಲ್ಲಿ ನಾನು ಫೋನನ್ನು ಮೂಗಿಗೆ ಅಂಟಿಸಿಕೊಂಡು ಮಾತಾಡುತ್ತಿದ್ದುದು, ಹೊಲದ ಕೆಲಸ ಎಂದು ನೆಪ ಹೇಳಿ ನಿನ್ನನ್ನು ನೋಡಲು ಭಾವನನ್ನು ಮಾತ್ರ ಕಳಿಸುತ್ತಿದ್ದುದು ಇದಕ್ಕೇ. ಗೊತ್ತಾದರೆ ಬೇಡ ಎಂದು ಆಣೆ ಹಾಕಿಸಿಬಿಡುತ್ತೀಯ ಎಂಬ ಭಯ. ವೀಣಾಳ ಮೇಲೆ ರೇಗಬೇಡ, ಅವಳಿಗೆ ಬಾಯಿಬಿಡಬೇಡ ಎಂದವಳು ನಾನೇ.

ಆದರೆ ಡಾಕ್ಟರು ಹೇಳಿದಷ್ಟು ಇನ್ನೂ ಇಳಿದಿಲ್ಲ. ಈ ವಾರವೇ ಅವರ ಹತ್ತಿರ ಹೋಗಬೇಕು. ಇಷ್ಟೆಲ್ಲ ಮಾಡಿಯೂ ಸಾಲದು ಅಂದುಬಿಟ್ಟರೆ ಏನು ಗತಿ ಎಂದು ಬೆರಳು ಮಡಿಸಿ ದಿನ ಎಣಿಸುತ್ತಿದ್ದೇನೆ. ಅಂದರೆ ಅನ್ನಲಿ. ಇನ್ನೊಂದು ಸ್ವಲ್ಪ ದೂರ ನಡೆಯುತ್ತೇನೆ. ಅಲ್ಲಿಯವರೆಗೆ ನೀನು ತಾಳಿಕೋಬೇಕು, ಅಷ್ಟೇ ನನ್ನ ಬೇಡಿಕೆ.

ವೀಣಾಳಿಗೆ ನನ್ನ ಆಶೀರ್ವಾದ, ನಿನಗೆ ಭಾವನ ಆಶೀರ್ವಾದ. ಬೊಳ್ಳಮ್ಮ ಟೀಚರು ಕಿತ್ತಳೆ ಕೊಟ್ಟಿದ್ದಾರೆ, ಭಾವ ಬರುವಾಗ ಕಳಿಸುತ್ತೇನೆ, ನಿನಗೆ ಆಗುವುದಿಲ್ಲವಂತಲ್ಲ, ವೀಣಾ ತಿನ್ನಲಿ. ನಿನ್ನ ತಲೆ ಸವರಿದ್ದೇನೆ ಎಂದುಕೊಂಡು ಮಲಗು.

ನಿನ್ನ ಅಕ್ಕ,
ಚಲುವಮ್ಮ

ಮತ್ತೆ: ಧೈರ್ಯ ಸಾಲದೆ ಈ ಕಾಗದವನ್ನು ಅಂಚೆಗೆ ಹಾಕಿರಲಿಲ್ಲ. ನಿನ್ನೆ ಮೈಸೂರಿಗೆ ಹೋಗಿ ಬಂದೆ. ಡಾಕ್ಟರು ನನ್ನನ್ನು ಯಂತ್ರದ ಮೇಲೆ ನಿಲ್ಲಿಸಿದರು, ರಕ್ತ, ಬಿಪಿ, ಸಕ್ಕರೆ ಎಲ್ಲ ನೋಡಿದರು. ಅವರು ಕೇಳಿದ ಅಂಕಿಗೆ ಇನ್ನೂ ಸ್ವಲ್ಪ ಬಾಕಿ ಇತ್ತು. ನಾನು ಕಣ್ಣು ಮುಚ್ಚಿಕೊಂಡೆ. "ಇಷ್ಟು ಸಾಕಮ್ಮಾ, ಮಾಡಬಹುದು" ಎಂದರು! ಹೊರಗೆ ಬಂದು ಯಾವುದೋ ಬೆಂಚಿನ ಮೇಲೆ ಕೂತು ಎಷ್ಟು ಹೊತ್ತು ನಕ್ಕೆನೋ ಅತ್ತೆನೋ, ಭಾವ ಟೀ ಹಿಡಿದುಕೊಂಡು ನಿಂತೇ ಇದ್ದರು. ಡಯಾಲಿಸಿಸ್‌ಗೆಂದು ನೀವು ಅಲ್ಲಿ ಹಿಡಿದಿರುವ ಬಾಡಿಗೆ ರೂಮಿನ ಬೀದಿಯ ತಿರುವಿನವರೆಗೂ ಬಂದಿದ್ದೆ. ನೀನು ಮಹಡಿಯ ಮೇಲೆ ಅಂಗಿ ಒಣಗಿಹಾಕುತ್ತಿದ್ದೆ, ಒಂದು ಅಂಗಿಗೆ ಎರಡು ಸಲ ಸುಧಾರಿಸಿಕೊಂಡೆ. ಕೂಗದೆ ಹಾಗೇ ಹಿಂದಿರುಗಿ ಬಸ್ಸು ಹತ್ತಿದೆ. ಇನ್ನು ಉಳಿದಿರುವುದು ನಿನ್ನ ಒಪ್ಪಿಗೆ, ನಿನ್ನ ಸಹಿ. ತವರು ಹೆಣ್ಣಿನಿಂದ ಈಸಿಕೊಳ್ಳಬಾರದು ಎಂದೆಯಲ್ಲ, ಒಪ್ಪಿದೆ. ಆದರೆ ಹೆಣ್ಣುಮಗಳು ಹೊಸಿಲಲ್ಲಿ ನಿಂತು ಬಾಯಿಬಿಟ್ಟು ಕೇಳಿದರೆ ತವರು ಇಲ್ಲ ಅನ್ನಬಾರದು ಎಂದವರೂ ಅದೇ ಹಿರಿಯರು. ಮದುವೆಯಾಗಿ ಇಷ್ಟು ವರ್ಷವಾಯಿತು, ನೀನು ತಂದದ್ದನ್ನು ಕಣ್ಣಿಗೊತ್ತಿಕೊಂಡಿದ್ದೇನೆಯೇ ಹೊರತು ಇದು ಬೇಕು ಎಂದು ಕೇಳಿದವಳಲ್ಲ. ಸಂಕ್ರಾಂತಿ ಕಳೆದ ಮರುದಿನ ಬೆಳಗಿನ ಬಸ್ಸಿಗೆ ಬರುತ್ತೇನೆ. ನಿನ್ನ ಬಾಗಿಲಲ್ಲಿ ನಿಂತು ಕೇಳುತ್ತೇನೆ. ನನಗೆ ನನ್ನ ತಮ್ಮ ಬೇಕು. ಕೊಡಲ್ಲ ಅಂತ ಹೇಳು, ನೋಡೋಣ.